ರೆನಾಲ್ಡ್ಸ್ ಪ್ರಯೋಗದಲ್ಲಿ ಬಣ್ಣದ ಗೆರೆ 2000ಕ್ಕೆ ಒಡೆಯಲಿಲ್ಲ, ನಮ್ಮ ರೀಡಿಂಗ್ ತಪ್ಪಾ?

ತಪ್ಪಲ್ಲ. ರೀಡಿಂಗ್ ತಿದ್ದಲು ಹೋಗಬೇಡಿ.

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. 25 ಮಿ.ಮೀ. ಗಾಜಿನ ಕೊಳವೆಯಲ್ಲಿ ನೀರು, ಅದರ ನಡುವೆ ಸೂಜಿಯಿಂದ ಬಿಡುವ ಪೊಟ್ಯಾಸಿಯಂ ಪರ್ಮಾಂಗನೇಟ್ ಬಣ್ಣದ ಗೆರೆ. ವಾಲ್ವ್ ತೆರೆದು ವೇಗ ಹೆಚ್ಚಿಸುತ್ತಾ ಹೋದರೆ ಗೆರೆ ಯಾವಾಗ ಒಡೆಯುತ್ತದೆ ಅಂತ ನೋಡುವುದು. ನಿಮ್ಮ ಬ್ಯಾಚಿನಲ್ಲಿ ರೆನಾಲ್ಡ್ಸ್ ನಂಬರ್ (ನೀರಿನ ವೇಗವನ್ನು ಕೊಳವೆಯ ವ್ಯಾಸದಿಂದ ಗುಣಿಸಿ, ನೀರಿನ ಸ್ನಿಗ್ಧತೆಯಿಂದ ಭಾಗಿಸಿದರೆ ಬರುವ ಸಂಖ್ಯೆ) 3400 ಆಗುವವರೆಗೂ ಗೆರೆ ನೆಟ್ಟಗಿತ್ತು. ಮಧ್ಯಾಹ್ನ ಅದೇ ಸೆಟಪ್‌ನಲ್ಲಿ ಮಾಡಿದ ಇನ್ನೊಂದು ಬ್ಯಾಚಿಗೆ 1900ಕ್ಕೇ ಅಲುಗಾಡತೊಡಗಿತು. ಮ್ಯಾನ್ಯುಯಲ್‌ನಲ್ಲಿ 2000ದವರೆಗೆ ಲ್ಯಾಮಿನಾರ್ (ಶಾಂತವಾದ ನೇರ ಹರಿವು), 4000 ದಾಟಿದರೆ ಟರ್ಬ್ಯುಲೆಂಟ್ (ಸುಳಿಸುಳಿಯಾಗಿ ಕಲಕಿದ ಹರಿವು) ಅಂತಿದೆ. ಲೆಕ್ಚರರ್ 'ಸರಿ ಮಾಡಿಕೊಂಡು ಬನ್ನಿ' ಅಂದರು. ಯಾರದು ಸರಿ?

ಇಬ್ಬರದೂ ಸರಿ ಇರಬಹುದು. ಹೈಡ್ರಾಲಿಕ್ಸ್ ಲ್ಯಾಬಿನಲ್ಲಿ ವರ್ಷಗಟ್ಟಲೆ ಇದೇ ಪ್ರಯೋಗ ಮಾಡಿಸಿದವನು ನಾನು, ಎರಡು ಬ್ಯಾಚಿಗೆ ಒಂದೇ ಉತ್ತರ ಬಂದರೆ ನನಗೆ ಅನುಮಾನ ಬರುತ್ತಿತ್ತು. ಒಬ್ಬರದನ್ನು ಇನ್ನೊಬ್ಬರು ನೋಡಿ ಬರೆದಿರುತ್ತಾರೆ, ಅಷ್ಟೇ.

ರೆನಾಲ್ಡ್ಸ್ ಅವರಿಗೇ ಎಷ್ಟು ಬಂದಿತ್ತು ಗೊತ್ತಾ? ಆಸ್ಬೋರ್ನ್ ರೆನಾಲ್ಡ್ಸ್ ಮ್ಯಾಂಚೆಸ್ಟರಿನ ಓವೆನ್ಸ್ ಕಾಲೇಜಿನಲ್ಲಿ ಇಂಜಿನಿಯರಿಂಗ್ ಪ್ರೊಫೆಸರ್ ಆಗಿದ್ದರು. 1883ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಅವರು ಗಾಜಿನ ಕೊಳವೆಯನ್ನು ನೀರು ತುಂಬಿದ ದೊಡ್ಡ ತೊಟ್ಟಿಯ ಒಳಗೇ ಇಟ್ಟರು. ಕೊಳವೆಯ ಬಾಯಿಯನ್ನು ಅಗಲ ಮಾಡಿ ನುಣುಪಾಗಿಸಿದರು, ತುಂಬಿದ ನೀರು ಪೂರ್ತಿ ಅಲುಗಾಡದೆ ನಿಲ್ಲುವವರೆಗೆ ಗಂಟೆಗಟ್ಟಲೆ ಬಿಟ್ಟು, ಆಮೇಲೆ ವಾಲ್ವನ್ನು ಚೂರು ಚೂರೇ ತೆರೆದರು. ಅಷ್ಟು ಹುಷಾರಾಗಿ ಮಾಡಿದಾಗ ಗೆರೆ ಒಡೆದದ್ದು ಸುಮಾರು 12,000ದಿಂದ 13,000ದ ಹತ್ತಿರ. ನಿಮ್ಮ 3400 ಏನೂ ಅಲ್ಲ.

ಹಾಗಾದರೆ 2000 ಎಲ್ಲಿಂದ ಬಂತು? ಅದೂ ಅವರದೇ, ಆದರೆ ಬಣ್ಣ ನೋಡಿ ಬಂದದ್ದಲ್ಲ. ಸೀಸದ ಕೊಳವೆಗಳಲ್ಲಿ ಮೊದಲೇ ಕಲಕಿಹೋದ ನೀರನ್ನು ಹರಿಸಿ, ಕೊಳವೆಯ ಉದ್ದಕ್ಕೂ ಒತ್ತಡ ಎಷ್ಟು ಕುಸಿಯುತ್ತದೆ ಅಂತ ಅಳೆದರು. ವೇಗ ಕಡಿಮೆ ಇದ್ದಾಗ ಒತ್ತಡದ ನಷ್ಟ ವೇಗದ ಜೊತೆ ಸಮಸಮವಾಗಿ ಏರುತ್ತದೆ. ಒಂದು ಮಟ್ಟ ದಾಟಿದ ಮೇಲೆ ವೇಗದ ಸುಮಾರು 1.72ನೇ ಘಾತದಂತೆ ಏರುತ್ತದೆ. ಆ ತಿರುವು ಸಿಕ್ಕಿದ್ದು 2000ದ ಆಸುಪಾಸಿನಲ್ಲಿ.

ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ, ಮ್ಯಾನ್ಯುಯಲ್‌ಗಳು ಎರಡನ್ನೂ ಸೇರಿಸಿ ಗೊಂದಲ ಮಾಡುತ್ತವೆ. ಶಾಂತವಾಗಿ ಹರಿಯುವ ನೀರು ಯಾವಾಗ ಕೆಡುತ್ತದೆ? ಕೆಟ್ಟ ನೀರು ಯಾವಾಗ ತಾನಾಗಿ ಶಾಂತವಾಗುತ್ತದೆ? ಎರಡನೆಯದಕ್ಕೆ ಹೆಚ್ಚುಕಡಿಮೆ ಗಟ್ಟಿ ಉತ್ತರ ಇದೆ. 2011ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಸಂಶೋಧನೆ ಅದನ್ನು ಸುಮಾರು 2040ಕ್ಕೆ ತಂದು ನಿಲ್ಲಿಸಿತು. ಅದಕ್ಕಿಂತ ಕೆಳಗೆ ಟರ್ಬ್ಯುಲೆನ್ಸ್ ಹುಟ್ಟಿದರೂ ಬದುಕುವುದಿಲ್ಲ. ಮೊದಲನೆಯದಕ್ಕೆ ಒಂದು ಸಂಖ್ಯೆ ಅಂತಲೇ ಇಲ್ಲ. ಕೊಳವೆಯಲ್ಲಿ ನೇರ ಹರಿವು ಸಣ್ಣಪುಟ್ಟ ಅಲುಗಾಟಕ್ಕೆಲ್ಲ ತಾನಾಗಿ ಕೆಡುವುದಿಲ್ಲ, ಸಾಕಷ್ಟು ಬಲವಾದ ಏಟು ಬೀಳಬೇಕು, ಮತ್ತು ರೆನಾಲ್ಡ್ಸ್ ನಂಬರ್ ಜಾಸ್ತಿಯಾದಷ್ಟೂ ಆ ಏಟು ಸಣ್ಣದಿದ್ದರೂ ಸಾಕು. ಆದ್ದರಿಂದ ಎಲ್ಲವೂ ನಿಮ್ಮ ಸೆಟಪ್ ಎಷ್ಟು ಗಲಾಟೆ ಮಾಡುತ್ತದೆ ಅನ್ನುವುದರ ಮೇಲೆ. ತುಂಬಾ ಜೋಪಾನ ಮಾಡಿದ ಪ್ರಯೋಗಗಳಲ್ಲಿ 1 ಲಕ್ಷದವರೆಗೂ ಹರಿವು ಲ್ಯಾಮಿನಾರ್ ಆಗಿ ಉಳಿದದ್ದುಂಟು.

ರೆನಾಲ್ಡ್ಸ್ ಬಳಸಿದ ಉಪಕರಣ ಮ್ಯಾಂಚೆಸ್ಟರಿನಲ್ಲಿ ಉಳಿದುಕೊಂಡಿದೆ. ಸುಮಾರು ಒಂದು ಶತಮಾನದ ನಂತರ ಅದರಲ್ಲೇ ಮತ್ತೆ ಪ್ರಯೋಗ ಮಾಡಿದಾಗ 13,000 ಮುಟ್ಟಲಾಗಲಿಲ್ಲ, ಹೊರಗೆ ರಸ್ತೆಯಲ್ಲಿ ಓಡಾಡುವ ವಾಹನಗಳ ಅದುರಾಟವೇ ಗೆರೆಯನ್ನು ಬೇಗ ಒಡೆಯಿತು. ನಮ್ಮ ಲ್ಯಾಬುಗಳಲ್ಲಂತೂ ಪಕ್ಕದಲ್ಲೇ ಸೆಂಟ್ರಿಫ್ಯೂಗಲ್ ಪಂಪ್ ಓಡುತ್ತಿರುತ್ತದೆ, ಮೇಜಿಗೆ ನಾಲ್ಕು ಜನ ಒರಗಿಕೊಂಡಿರುತ್ತಾರೆ. ಮಧ್ಯಾಹ್ನದ ಬ್ಯಾಚು ಮಾಡುವಾಗ ಬೇರೆ ಯಾವ ಪ್ರಯೋಗ ನಡೆಯುತ್ತಿತ್ತು ಅಂತ ಕೇಳಿ ನೋಡಿ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ನಿಜವಾದ ಯಡವಟ್ಟು ಇರುವುದು ಇಲ್ಲೇ. ಕೈನಮ್ಯಾಟಿಕ್ ವಿಸ್ಕಾಸಿಟಿಗೆ (ಮೇಲೆ ಹೇಳಿದ ಸ್ನಿಗ್ಧತೆ) 1.0 × 10⁻⁶ ಚ.ಮೀ./ಸೆಕೆಂಡ್ ಹಾಕಿದ್ದೀರಿ. ಅದು 20 ಡಿಗ್ರಿ ನೀರಿನದು. ನಮ್ಮಲ್ಲಿ ಬಿಸಿಲಿಗೆ ಕಾದ ಓವರ್‌ಹೆಡ್ ಟ್ಯಾಂಕಿನ ನೀರು ಎಲ್ಲಿ 20 ಇರುತ್ತದೆ? 25 ಡಿಗ್ರಿಗೆ ಅದು (10⁻⁶ರ ಲೆಕ್ಕದಲ್ಲೇ) 0.893, 30ಕ್ಕೆ 0.801. ನಿಮ್ಮ ನೀರು 28 ಡಿಗ್ರಿ ಇತ್ತು ಅಂದುಕೊಳ್ಳಿ, ಆಗ ಸುಮಾರು 0.836. ನಿಮ್ಮ 3400 ಹೋಗಿ 4070 ಆಗುತ್ತದೆ, ಅವರ 1900 ಹೋಗಿ 2270 ಆಗುತ್ತದೆ! ಅಂದರೆ ಅವರ ಗೆರೆ 2000ದ ಕೆಳಗೆ ಅಲುಗಾಡಿರಲೇ ಇಲ್ಲ. ಬೆಳಗ್ಗೆಗೂ ಮಧ್ಯಾಹ್ನಕ್ಕೂ ನೀರಿನ ಬಿಸಿ ಬೇರೆ ಇದ್ದಿದ್ದರೆ ಇಬ್ಬರಿಗೂ ಒಂದೇ ವಿಸ್ಕಾಸಿಟಿ ಹಾಕುವುದೂ ತಪ್ಪು. ಒಂದು ಥರ್ಮಾಮೀಟರ್ ತೊಟ್ಟಿಯಲ್ಲಿ ಅದ್ದಿದರೆ ಮುಗಿಯುವ ಕೆಲಸ, ಆದರೂ ಎಷ್ಟೋ ಕಡೆ ರೀಡಿಂಗ್ ಟೇಬಲ್ಲಿನಲ್ಲಿ ಟೆಂಪರೇಚರಿಗೆ ಕಾಲಂ ಕೂಡ ಇರುವುದಿಲ್ಲ.

ನೀರು ಹಿಡಿಯುವುದರಲ್ಲೂ ಗಮನ ಇರಲಿ. 25 ಮಿ.ಮೀ. ಕೊಳವೆಯಲ್ಲಿ, 25 ಡಿಗ್ರಿ ನೀರಿಗೆ, 2000 ಅಂದರೆ ಸೆಕೆಂಡಿಗೆ ಬರೀ 35 ಮಿ.ಲೀ. ಮೆಷರಿಂಗ್ ಜಾರಿನಲ್ಲಿ 100 ಮಿ.ಲೀ. ಹಿಡಿದರೆ ಮೂರು ಸೆಕೆಂಡಿನೊಳಗೆ ತುಂಬಿಹೋಗುತ್ತದೆ, ಸ್ಟಾಪ್ ವಾಚ್ ಒತ್ತುವುದರಲ್ಲಿ ಅರ್ಧ ಸೆಕೆಂಡ್ ಹೆಚ್ಚುಕಮ್ಮಿಯಾದರೂ ಉತ್ತರ ಶೇಕಡಾ 15ಕ್ಕಿಂತ ಜಾಸ್ತಿ ಜಾರುತ್ತದೆ. ಒಂದು ಲೀಟರ್ ಹಿಡಿಯಿರಿ. ಕೊಳವೆಯ ಒಳವ್ಯಾಸವನ್ನೂ ಬೋರ್ಡ್ ನೋಡಿ ಬರೆಯದೆ ಸಾಧ್ಯವಾದರೆ ಅಳೆಯಿರಿ.

ಬಣ್ಣದ ವಿಷಯ. ಪರ್ಮಾಂಗನೇಟ್ ಗಟ್ಟಿಯಾಗಿ ಕಲಸಿದರೆ ಅದು ನೀರಿಗಿಂತ ಭಾರ, ನಿಧಾನ ಹರಿವಿನಲ್ಲಿ ಗೆರೆ ಮೆಲ್ಲಗೆ ಕೆಳಗೆ ಇಳಿಯುತ್ತದೆ. ಹುಡುಗರು ಅದನ್ನೇ 'ಟ್ರಾನ್ಸಿಷನ್' (ಲ್ಯಾಮಿನಾರ್‌ನಿಂದ ಟರ್ಬ್ಯುಲೆಂಟ್‌ಗೆ ತಿರುಗುವ ಹಂತ) ಅಂತ ಬರೆದುಬಿಡುತ್ತಾರೆ. ತೆಳ್ಳಗೆ ಕಲಸಿ, ಹಿಂದೆ ಒಂದು ಬಿಳಿ ಹಾಳೆ ಇಡಿ, ಚೆನ್ನಾಗಿ ಕಾಣುತ್ತದೆ. (ಕೈಗೆ ಗ್ಲೌಸ್ ಹಾಕಿಕೊಳ್ಳಿ, ಕಂದು ಕಲೆ ಬೇಗ ಹೋಗುವುದಿಲ್ಲ.) ಸೂಜಿ ಕೊಳವೆಯ ಬಾಯಿಯ ನಡುಮಧ್ಯೆ ಇರಬೇಕು. ಬಣ್ಣ ನೀರಿನಷ್ಟೇ ವೇಗದಲ್ಲಿ ಹೊರಗೆ ಬರಬೇಕು, ಜೋರಾಗಿ ಬಿಟ್ಟರೆ ಅದೇ ಒಂದು ಏಟು. ದಪ್ಪ ಸೂಜಿಯಾದರೆ ಅದರ ಹಿಂದೆಯೇ ಸಣ್ಣ ಸುಳಿಗಳು ಏಳುತ್ತವೆ. ತೊಟ್ಟಿಗೆ ನೀರು ಮೇಲಿಂದ ಧೋ ಅಂತ ಬೀಳುತ್ತಿದ್ದರೆ ಒಳಗಿನ ಹರಿವು ಶಾಂತವಾಗಿರುವುದು ಹೇಗೆ? ತುಂಬಿಸಿ, ಪಂಪ್ ನಿಲ್ಲಿಸಿ, ಟೀ ಕುಡಿದು ಬನ್ನಿ.

ಇನ್ನೊಂದು, ಎಲ್ಲಿ ನೋಡುತ್ತಿದ್ದೀರಿ ಅನ್ನುವುದೂ ಮುಖ್ಯ. ಕೊಳವೆಯ ಬಾಯಿಯ ಹತ್ತಿರ ಗೆರೆ ನಡುಗಿ, ಮುಂದೆ ಹೋಗುತ್ತಾ ಮತ್ತೆ ನೆಟ್ಟಗಾದರೆ ಅದು ಟರ್ಬ್ಯುಲೆನ್ಸ್ ಅಲ್ಲ, ಬಾಯಲ್ಲಿ ಬಿದ್ದ ಏಟು ಸಾಯುತ್ತಿದೆ ಅಷ್ಟೇ. ಕೊಳವೆಯ ಕೊನೆಯ ಭಾಗ ನೋಡಿ. ಆದರೆ ಅಲ್ಲೂ ಹರಿವು ಪೂರ್ತಿ ರೂಪುಗೊಂಡಿದೆ ಅಂತ ಭಾವಿಸಬೇಡಿ. ಲ್ಯಾಮಿನಾರ್ ಹರಿವು ರೂಪುಗೊಳ್ಳಲು ಬೇಕಾದ ಉದ್ದ ಸುಮಾರು 0.06 × ರೆನಾಲ್ಡ್ಸ್ ನಂಬರ್ × ವ್ಯಾಸ. 2000ಕ್ಕೆ ಅದು 120 ವ್ಯಾಸ, ನಿಮ್ಮ ಕೊಳವೆಗೆ 3 ಮೀಟರ್. ಲ್ಯಾಬಿನ ಕೊಳವೆ ಸಾಮಾನ್ಯವಾಗಿ ಅಷ್ಟು ಉದ್ದ ಇರುವುದಿಲ್ಲ.

ನಿಜವಾಗಿ ನೋಡಬೇಕಾದದ್ದು ಹೇಳುತ್ತೇನೆ, ಎಷ್ಟೋ ಜನ ಇದನ್ನು ನೋಡದೆಯೇ ಪ್ರಯೋಗ ಮುಗಿಸುತ್ತಾರೆ. ವಾಲ್ವ್ ಚೆನ್ನಾಗಿ ತೆರೆದು ಬಣ್ಣ ಪೂರ್ತಿ ಕಲಸಿಹೋಗುವಂತೆ ಮಾಡಿ. ಈಗ ಸ್ವಲ್ಪ ಸ್ವಲ್ಪ ಮುಚ್ಚುತ್ತಾ ಬನ್ನಿ, ಪ್ರತಿ ಸಲ ಒಂದೆರಡು ನಿಮಿಷ ಕಾಯಿರಿ. 2500ರ ಕೆಳಗೆ ಎಲ್ಲೋ ಒಂದು ಕಡೆ ಹರಿವು ತುಂಡು ತುಂಡಾಗುತ್ತದೆ: ಸ್ವಲ್ಪ ಹೊತ್ತು ಕಲಸಿದ ಬಣ್ಣ, ಅದರ ಹಿಂದೆ ನೆಟ್ಟನೆ ಗೆರೆ, ಮತ್ತೆ ಕಲಸಿದ ತುಂಡು. ಒಂದೇ ಕೊಳವೆ, ಒಂದೇ ವಾಲ್ವ್, ಎರಡೂ ಹರಿವು ಸಾಲಾಗಿ ಮೆರವಣಿಗೆ ಹೊರಟ ಹಾಗೆ. ಈ ತುಂಡುಗಳನ್ನು ರೆನಾಲ್ಡ್ಸ್ ಕೂಡ ನೋಡಿ ದಾಖಲಿಸಿದ್ದರು, ಈಗ ಪಫ್ ಅನ್ನುತ್ತಾರೆ. 2040ರ ಲೆಕ್ಕ ನಿಂತಿರುವುದೂ ಇವುಗಳ ಮೇಲೆಯೇ. ಒಂದು ಪಫ್ ಸಾಯುವುದು ಬೇಗವೋ, ಒಡೆದು ಎರಡಾಗುವುದು ಬೇಗವೋ, ಎರಡೂ ಸಮವಾಗುವ ಜಾಗ ಅದು. ಇನ್ನೂ ಮುಚ್ಚಿದರೆ ಕಲಸಿದ ತುಂಡುಗಳು ಅಪರೂಪವಾಗಿ, ಕೊನೆಗೆ ಗೆರೆ ಒಂದೇ ಎಳೆಯಾಗಿ ನಿಲ್ಲುತ್ತದೆ. ಆ ರೀಡಿಂಗ್ ಬರೆದುಕೊಳ್ಳಿ. ತೆರೆಯುತ್ತಾ ಹೋದಾಗಿನ ರೀಡಿಂಗು ಬ್ಯಾಚಿನಿಂದ ಬ್ಯಾಚಿಗೆ ಎತ್ತೆತ್ತಲೋ ಹೋಗುತ್ತದೆ, ಮುಚ್ಚುತ್ತಾ ಬಂದದ್ದು ಅಷ್ಟು ಕುಣಿಯುವುದಿಲ್ಲ.

ಮೊಬೈಲಿನ ಸ್ಲೋ ಮೋಷನ್ ಇಟ್ಟುಕೊಂಡು ಕಲಸಿದ ಭಾಗವನ್ನೂ ತೆಗೆಯಿರಿ. ಕಣ್ಣಿಗೆ ಬರೀ ಬಣ್ಣದ ನೀರು ಕಂಡದ್ದು ಅದರಲ್ಲಿ ಬಿಡಿ ಬಿಡಿ ಸುಳಿಗಳಾಗಿ ಕಾಣುತ್ತದೆ. ರೆನಾಲ್ಡ್ಸ್ ಇದಕ್ಕೆ ಕತ್ತಲಲ್ಲಿ ವಿದ್ಯುತ್ ಕಿಡಿ ಹಾರಿಸಿ, ಆ ಕ್ಷಣದ ಬೆಳಕಿನಲ್ಲಿ ನೋಡಬೇಕಾಗಿತ್ತು.

ರೆಕಾರ್ಡಿನಲ್ಲಿ ತೆರೆಯುವಾಗಿನ ರೀಡಿಂಗಿಗೆ ಒಂದು ಕಾಲಂ, ಮುಚ್ಚುವಾಗಿನದಕ್ಕೆ ಒಂದು, ಟೆಂಪರೇಚರಿಗೆ ಒಂದು ಹಾಕಿ. ಪಕ್ಕದಲ್ಲಿ ಪಂಪ್ ಓಡುತ್ತಿತ್ತಾ ಇಲ್ವಾ ಅಂತಲೂ ಬರೆಯಿರಿ, ವೈವಾದಲ್ಲಿ ಮಾತಾಡಲು ಒಳ್ಳೆಯ ವಿಷಯ. ಲೆಕ್ಚರರ್ ಆಮೇಲೂ 2000ವೇ ಬೇಕು ಅಂದರೆ ವಾದ ಮಾಡಬೇಡಿ. 'ಸಾರ್, ಎರಡು ನಿಮಿಷ ಬನ್ನಿ' ಅಂತ ಕರೆದು, ಅವರ ಎದುರೇ ವಾಲ್ವ್ ಮುಚ್ಚುತ್ತಾ ತೋರಿಸಿ.