62 ಕೆಲ್ವಿನ್ ಮುಟ್ಟಿತು, ಸರಿ. ವ್ಯಾಟ್ ಎಷ್ಟು?

ಪ್ರಶ್ನೆ: ಹೀಲಿಯಂ ದುಬಾರಿ. ಸ್ಟರ್ಲಿಂಗ್ ಕೂಲರಿಗೆ (ಒಳಗೆ ಮುಚ್ಚಿಟ್ಟ ಅನಿಲವನ್ನು ಕುಗ್ಗಿಸಿ ಹಿಗ್ಗಿಸಿ ತಂಪು ಮಾಡುವ ಯಂತ್ರಕ್ಕೆ) ಗಾಳಿಯನ್ನೇ ತುಂಬಬಹುದೇ?

ಬೇಡ. ಗಾಳಿಯ ತೇವ ರೀಜನರೇಟರಿನ (ಅನಿಲದ ಶಾಖವನ್ನು ಹಿಡಿದಿಟ್ಟು ಮರಳಿಸುವ ಭಾಗದ) ಜಾಲರಿಯಲ್ಲಿ ಹೆಪ್ಪುಗಟ್ಟುತ್ತದೆ. ಒಳಗಿನ ಒತ್ತಡದಲ್ಲಿ 80 ಕೆಲ್ವಿನ್‌ಗೆ (ಸುಮಾರು ಮೈನಸ್ 193 ಡಿಗ್ರಿ ಸೆಲ್ಸಿಯಸ್) ಇಳಿಯುವ ಮೊದಲೇ ಗಾಳಿಯೇ ದ್ರವವಾಗುತ್ತದೆ.

ಪ್ರಶ್ನೆ: ಎಂ.ಟೆಕ್. ಪ್ರಾಜೆಕ್ಟಿಗಾಗಿ ಸಣ್ಣ ಸ್ಟರ್ಲಿಂಗ್ ಕ್ರಯೋಕೂಲರ್ ಪರೀಕ್ಷಿಸುತ್ತಿದ್ದೇವೆ. ಲೋಡ್ ಇಲ್ಲದೆ, ಅಂದರೆ ತಣ್ಣನೆಯ ತುದಿಗೆ ಹೀಟರಿನಿಂದ ಶಾಖ ಕೊಡದೆ, 62 ಕೆಲ್ವಿನ್ ತಲುಪಿದ್ದೇವೆ. ಕ್ಯಾಟಲಾಗಿನಲ್ಲಿ 80 ಕೆಲ್ವಿನ್‌ನಲ್ಲಿ 1 ವ್ಯಾಟ್ ಎಂದಿದೆ, ನಮಗೆ ಅರ್ಧ ವ್ಯಾಟೂ ಸಿಗುತ್ತಿಲ್ಲ. ಕೂಲರ್ ಕೆಟ್ಟಿದೆಯೇ?

ಇದನ್ನು ಎಷ್ಟು ಸಲ ಬರೆದರೂ ಮತ್ತೆ ಕೇಳುತ್ತಾರೆ. 62 ಕೆಲ್ವಿನ್ ಎಂದರೆ ಕೂಲರ್ ಎಳೆದದ್ದೆಲ್ಲ ಒಳಗೆ ಸೋರುವ ಶಾಖಕ್ಕೇ ಸರಿಹೋದ ಜಾಗ. ಅಲ್ಲಿ ನಿಮ್ಮ ಕೈಗೆ ಉಳಿಯುವ ತಂಪು ಸೊನ್ನೆ. ಅದನ್ನೇ ಸಾಧನೆ ಎಂದು ಪ್ರಬಂಧದ ಮೊದಲ ಪುಟಕ್ಕೆ ಹಾಕುವವರನ್ನು ಕಂಡರೆ ನನಗೆ ಸಿಟ್ಟು. ಕಾಣೆಯಾದ ಅರ್ಧ ವ್ಯಾಟೂ ಆ 62ರಲ್ಲೇ ಇದೆ: ಸೋರಿಕೆ ಕಡಿಮೆಯಿದ್ದರೆ ಕೂಲರ್ ಇನ್ನೂ ಕೆಳಗಿಳಿಯುತ್ತಿತ್ತು.

ಸೋರಿಕೆ ಎಲ್ಲಿಂದ? ಕೋಣೆಯ ಬಿಸಿಯಲ್ಲಿರುವ ಕಪ್ಪು ಗೋಡೆ ಚದರ ಮೀಟರಿಗೆ ಸುಮಾರು 460 ವ್ಯಾಟ್ ಸೂಸುತ್ತದೆ. ಅಂಗೈಯಗಲದ, ಅಂದರೆ 100 ಚದರ ಸೆಂಟಿಮೀಟರಿನ ತಣ್ಣನೆಯ ಮೈ ಅದನ್ನೆಲ್ಲ ಹೀರಿದರೆ 4.6 ವ್ಯಾಟ್, ಮಿರುಗುವ ಮೈ ನೂರಕ್ಕೆ ಐದು ಪಾಲು ಹೀರಿದರೂ 0.23 ವ್ಯಾಟ್. ಅಲ್ಯೂಮಿನೈಸ್ಡ್ ಮೈಲಾರ್ (ಮಿರುಗುವ ಪ್ಲಾಸ್ಟಿಕ್ ಹಾಳೆ) ಸುತ್ತಿದ್ದೀರಾ? ಹೀಟರಿಗೆ ದಪ್ಪ ತಾಮ್ರದ ತಂತಿ ಹಾಕಿದ್ದರೆ ಅದೂ ಹೊರಗಿನ ಶಾಖಕ್ಕೆ ಕಾಲುವೆ. ಶಾಖ ಸುಲಭವಾಗಿ ಹರಿಯದ ಮ್ಯಾಂಗನಿನ್ ಮಿಶ್ರಲೋಹದ ತೆಳು ತಂತಿ ಹಾಕಿ, ಹೀಟರಿನ ವೋಲ್ಟೇಜನ್ನು ಬೇರೆ ಜೋಡಿ ತಂತಿಯಿಂದ ಅಳೆಯಿರಿ.

ಒಂದು ಪ್ರಯೋಗಾಲಯದಲ್ಲಿ ತಾಸು ತಾಸಿಗೂ ರೀಡಿಂಗ್ ಕೆಡುತ್ತಿತ್ತು. ತಣ್ಣನೆಯ ತುದಿ ಕೂರುವುದು ಪಂಪಿನಿಂದ ಗಾಳಿ ತೆಗೆದ ಚೇಂಬರಿನಲ್ಲಿ; ಅದರ ವ್ಯಾಕ್ಯೂಮ್ ಗೇಜು ಮಾತ್ರ ಎಲ್ಲ ಚೆನ್ನಾಗಿದೆ ಎನ್ನುತ್ತಿತ್ತು. ಗಾಜಿನ ಕಿಟಕಿಯಲ್ಲಿ ಟಾರ್ಚ್ ಬಿಟ್ಟು ನೋಡಿದೆ: ಕನ್ನಡಿಯಂತಿರಬೇಕಾದ ತುದಿಯ ಮೇಲೆ ಬಿಳಿ ಪೊರೆ, ಮಂಜಿನದು. ಪಂಪ್ ಹಾಕಿ ಅರ್ಧ ತಾಸಿಗೇ ಕೂಲರ್ ಚಾಲೂ ಮಾಡಿದ್ದರು. ಗೋಡೆಗಂಟಿದ ನೀರಿನಾವಿಯೆಲ್ಲ ಅಲ್ಲಿ ಹೋಗಿ ಕೂತಿತ್ತು, ಪಂಪಿನ ಪಕ್ಕದ ಗೇಜಿಗೆ ಅದೇನು ಗೊತ್ತು! ನಾನಂತೂ ಚೇಂಬರನ್ನು ಬಿಸಿ ಮಾಡಿ ರಾತ್ರಿಯಿಡೀ ಪಂಪ್ ಓಡಿಸದೆ ಸ್ವಿಚ್ ಮುಟ್ಟುವುದಿಲ್ಲ. ಹುಡುಗರು ನಗುತ್ತಾರೆ, ನಗಲಿ.

ಕೂಲರ್ ಶಾಖ ಹೊರಬಿಡುವ ಬಿಸಿ ತುದಿಯ ಉಷ್ಣತೆಯನ್ನೂ ಬರೆದಿಡಿ. ಕಲಬುರಗಿಯ ಮೇ ತಿಂಗಳಿನಲ್ಲಿ ಕ್ಯಾಟಲಾಗಿನ ಅಂಕಿ ಬರುವುದಿಲ್ಲ. ಕೂಲರ್ ಓಡಿಸುವ ಲೀನಿಯರ್ ಮೋಟರಿಗೆ ವೋಲ್ಟನ್ನು ಆಂಪಿಯರಿನಿಂದ ಗುಣಿಸಿ ವ್ಯಾಟ್ ಎನ್ನಬೇಡಿ, ಪವರ್ ಮೀಟರ್ ತನ್ನಿ. 300ರಿಂದ 80 ಕೆಲ್ವಿನ್‌ಗೆ 1 ವ್ಯಾಟ್ ತಂಪಿಗೆ ಕಾರ್ನೋ ಲೆಕ್ಕದಲ್ಲೇ (ಯಾವ ಯಂತ್ರವೂ ಮೀರಲಾಗದ ಮಿತಿ) 2.75 ವ್ಯಾಟ್ ಬೇಕು, ಸಣ್ಣ ಕೂಲರುಗಳು ಅದರ ಹಲವು ಪಟ್ಟು ತಿನ್ನುತ್ತವೆ. ಇಷ್ಟೆಲ್ಲ ಮಾಡಿದ ಮೇಲೂ ಅರ್ಧ ವ್ಯಾಟೇ ಬಂದರೆ ಬರೆಯಿರಿ, ಆಗ ಕೂಲರನ್ನು ಬೈಯೋಣ.

ಪ್ರಶ್ನೆ: ಸ್ಟರ್ಲಿಂಗ್ ಕೂಲರನ್ನು ಮನೆಯ ಎಸಿಗೆ ಬಳಸಬಹುದೇ?

ಹತ್ತಿಪ್ಪತ್ತು ಡಿಗ್ರಿ ಇಳಿಸಲು ಮಾಮೂಲಿ ಕಂಪ್ರೆಸರೇ ಲೇಸು.

ಪ್ರಶ್ನೆ: ಕರೆಂಟಿಲ್ಲದೆ ಆಯಸ್ಕಾಂತದಿಂದಲೇ ಓಡುವ ಸ್ಟರ್ಲಿಂಗ್ ಫ್ರಿಜ್ ಕಿಟ್ ಒಂದು ವಿಡಿಯೊದಲ್ಲಿ ನೋಡಿದೆ. ಕೊಳ್ಳಲೇ?

ಪೆಟ್ಟಿಗೆ ಬಿಚ್ಚಿ ತೋರಿಸಲು ಹೇಳಿ. ಬ್ಯಾಟರಿ ಸಿಗುತ್ತದೆ.