ಕಾರಿಗೆ 7 ಲಕ್ಷ ಅಂತಾರೆ, ಸಾಲ 10 ಲಕ್ಷ ಇದೆ. ಹೆಂಡತಿಗೆ ಹೇಗೆ ಹೇಳಲಿ?

*ಅಕ್ಕ, ನನಗೆ 33 ವರ್ಷ. ಊರು ತುಮಕೂರು, ಕೆಲಸ ಪೀಣ್ಯದ ಒಂದು ಕಾರ್ಖಾನೆಯಲ್ಲಿ. 2024ರ ದಸರಾಕ್ಕೆ ಕಾರು ತೆಗೆದುಕೊಂಡೆ. ಆನ್‌ರೋಡ್ 12.60 ಲಕ್ಷ. ಕೈಯಿಂದ ಹಾಕಿದ್ದು 60 ಸಾವಿರ, ಉಳಿದ 12 ಲಕ್ಷ ಸಾಲ. 10% ಬಡ್ಡಿ, 7 ವರ್ಷ, ತಿಂಗಳಿಗೆ 19,921 ರೂಪಾಯಿ ಕಂತು. ಆಗ ಓಟಿ ಚೆನ್ನಾಗಿ ಸಿಗುತ್ತಿತ್ತು. ಈಗ ಓಟಿ ನಿಂತಿದೆ, ಕೈಗೆ ಬರುವುದು 41 ಸಾವಿರ. ಮಗುವಾದ ಮೇಲೆ ಹೆಂಡತಿ ಕೆಲಸ ಬಿಟ್ಟಿದ್ದಾಳೆ. ನಾನು ಕಂಪನಿ ಬಸ್ಸಿನಲ್ಲೇ ಓಡಾಡುತ್ತೇನೆ, ಕಾರು ಮನೆ ಮುಂದೆ ಟಾರ್ಪಾಲ್ ಹೊದ್ದು ನಿಂತಿರುತ್ತದೆ. 18 ಕಂತು ಕಟ್ಟಿ ಆಯಿತಲ್ಲ ಅಂತ ಮಾರಲು ಹೋದರೆ ಸೆಕೆಂಡ್ ಹ್ಯಾಂಡ್ ಅಂಗಡಿಯವರು 7.25 ಲಕ್ಷ ಅಂದರು. ಬ್ಯಾಂಕಿನಲ್ಲಿ ಕೇಳಿದರೆ ಇನ್ನೂ 10.08 ಲಕ್ಷ ಬಾಕಿ! ಗೆಳೆಯನೊಬ್ಬ ಬೆಂಗಳೂರಿನ ಪಾರ್ಟಿ ತೋರಿಸಿದ್ದಾನೆ. ಅವರು 50 ಸಾವಿರ ಕೈಗೆ ಕೊಟ್ಟು ಗಾಡಿ ಒಯ್ಯುತ್ತಾರಂತೆ, ಮುಂದಿನ ಕಂತೆಲ್ಲ ಅವರದೇ ಅಂತ ಬಾಂಡ್ ಪೇಪರ್ ಮೇಲೆ ಬರೆದುಕೊಡುತ್ತಾರಂತೆ. ಇನ್ನೊಬ್ಬ 'ಕಟ್ಟೋದು ನಿಲ್ಸು, ಬ್ಯಾಂಕಿನವರೇ ಎತ್ಕೊಂಡು ಹೋಗ್ಲಿ' ಅನ್ನುತ್ತಾನೆ. ಹೆಂಡತಿಗೆ ಸಾಲ 8 ಲಕ್ಷ ಅಂತ ಹೇಳಿದ್ದೆ. ಅವಳ ತವರಿನವರ ಮುಂದೆ ಬೀಗಿದ್ದೂ ಉಂಟು. 1.10 ಲಕ್ಷದ ಎಫ್‌ಡಿ ಇದೆ. ಏನು ಮಾಡಲಿ?*
*– ಹೆಸರು ಬೇಡ, ತುಮಕೂರು*

ಮೊದಲು ಒಂದು ಕೆಲಸ ಮಾಡಿ. ಆ ಬೆಂಗಳೂರಿನ ಪಾರ್ಟಿಗೆ ಇವತ್ತೇ ಫೋನ್ ಮಾಡಿ ಬೇಡ ಅನ್ನಿ. ಮಿಕ್ಕಿದ್ದನ್ನು ಆಮೇಲೆ ಓದಿ.

ನಾನು ಬ್ಯಾಂಕಿನಲ್ಲಿ ಸಾಲದ ಟೇಬಲ್ಲಿನಲ್ಲಿ ಕೂತಿದ್ದ ವರ್ಷಗಳಲ್ಲಿ ಇಂಥ ಬಾಂಡ್ ಪೇಪರುಗಳನ್ನು ಬಹಳ ನೋಡಿದ್ದೇನೆ. ನೋಟರಿ ಸೀಲು, ಇಬ್ಬರು ಸಾಕ್ಷಿ, ಎಲ್ಲ ಜೋರಾಗಿಯೇ ಇರುತ್ತದೆ. ಎರಡು ಕಂತು ಬರುತ್ತದೆ, ಮೂರನೆಯದು ಬರುವುದಿಲ್ಲ. ಫೋನ್ ಸ್ವಿಚ್ ಆಫ್. ಗಾಡಿ ಯಾವುದೋ ಊರಿನಲ್ಲಿ ಇನ್ಯಾರದೋ ಹತ್ತಿರ ಒತ್ತೆ ಬಿದ್ದಿರುತ್ತದೆ. ಬ್ಯಾಂಕಿಗೆ ಆ ಪಾರ್ಟಿ ಯಾರು ಅಂತಲೇ ಗೊತ್ತಿಲ್ಲ, ಗೊತ್ತಿರುವುದು ನಿಮ್ಮ ಹೆಸರು ಮಾತ್ರ. ನಿಮ್ಮ ಆರ್‌ಸಿಯಲ್ಲಿ ಬ್ಯಾಂಕಿನ ಹೈಪಾಥಿಕೇಶನ್, ಅಂದರೆ ಸಾಲ ತೀರುವ ತನಕ ಗಾಡಿ ಬ್ಯಾಂಕಿಗೆ ಅಡವು ಅಂತ, ಬರೆದಿದೆ. ಅವರನ್ನು ಕೇಳದೆ ಗಾಡಿಯನ್ನು ಇನ್ನೊಬ್ಬರ ಕೈಗೆ ಕೊಟ್ಟರೆ ನೀವು ಸಹಿ ಹಾಕಿದ ಸಾಲದ ಕರಾರನ್ನೇ ಮುರಿದ ಹಾಗೆ.

ಇದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಆ ಕಾರು ಯಾರಿಗಾದರೂ ಗುದ್ದಿತು ಅಂದುಕೊಳ್ಳಿ. ಗಾಡಿ ಕೊಟ್ಟುಬಿಟ್ಟಿದ್ದರೂ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 50 ಸಾವಿರದ ಆಸೆಗೆ ಇಷ್ಟೆಲ್ಲ ಮೈಮೇಲೆ ಎಳೆದುಕೊಳ್ಳಬೇಕಾ?

ಎರಡನೇ ಗೆಳೆಯನ ಮಾತಿಗೂ ಕಿವಿಗೊಡಬೇಡಿ. ಬ್ಯಾಂಕಿನವರು ಗಾಡಿ ಎತ್ತಿಕೊಂಡು ಹೋದರೆ ಸಾಲ ತೀರುವುದಿಲ್ಲ. ಹರಾಜಿಗೆ ಹಾಕುತ್ತಾರೆ. ಹರಾಜಿನಲ್ಲಿ ಅಂಗಡಿಯವರು ಹೇಳಿದ 7.25 ಕೂಡ ಬರುವುದು ಕಷ್ಟ. ಬಂದದ್ದನ್ನು ಸಾಲಕ್ಕೆ ವಜಾ ಮಾಡಿ, ಉಳಿದದ್ದಕ್ಕೆ ದಂಡ ಶುಲ್ಕ, ಗಾಡಿ ಎಳೆದು ತಂದ ಖರ್ಚು ಎಲ್ಲ ಸೇರಿಸಿ ನಿಮಗೇ ನೋಟಿಸ್ ಕಳಿಸುತ್ತಾರೆ. ಸಿಬಿಲ್ (ಸಾಲ ಸರಿಯಾಗಿ ಕಟ್ಟುತ್ತೀರಾ ಅಂತ ತೋರಿಸುವ ಅಂಕ) ಹಾಳಾದರೆ ನಾಳೆ ಮನೆ ಸಾಲಕ್ಕೂ ತೊಡಕು. ಅಕಸ್ಮಾತ್ ಒಂದೆರಡು ಕಂತು ತಪ್ಪಿ ವಸೂಲಿಯವರು ಫೋನ್ ಮಾಡಿದರೆ ಹೆದರಬೇಡಿ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಅವರು ಕರೆ ಮಾಡುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ ನಿಯಮವೇ ಇದೆ.

ಈಗ ನಿಮ್ಮನ್ನು ಕೊರೆಯುತ್ತಿರುವ ಪ್ರಶ್ನೆ: ಒಂದೂವರೆ ವರ್ಷ ಕಟ್ಟಿದ ದುಡ್ಡೆಲ್ಲ ಎಲ್ಲಿ ಹೋಯಿತು?

ನೀವು ಕಟ್ಟಿದ್ದು 3.59 ಲಕ್ಷ. ಅದರಲ್ಲಿ 1.67 ಲಕ್ಷ ಬಡ್ಡಿಗೇ ಹೋಗಿದೆ. ಅಸಲು ಇಳಿದದ್ದು 1.92 ಲಕ್ಷ ಮಾತ್ರ. ಉದ್ದದ ಸಾಲದಲ್ಲಿ ಮೊದಲ ವರ್ಷಗಳು ಹೀಗೇ. ಇನ್ನು ಕಾರು. ಆನ್‌ರೋಡ್ 12.60 ಅಂದರೆ ಶೋರೂಮ್ ಬೆಲೆ 10.20ರ ಆಸುಪಾಸು ಇದ್ದಿರಬೇಕು. ಕರ್ನಾಟಕದಲ್ಲಿ 10 ಲಕ್ಷ ದಾಟಿದ ಕಾರಿಗೆ ಜೀವಾವಧಿ ತೆರಿಗೆ 17%, ಅದರ ಮೇಲೆ ಸೆಸ್. ಅಲ್ಲಿಗೇ ಸುಮಾರು 1.90 ಲಕ್ಷ. ಮಿಕ್ಕಿದ್ದು ವಿಮೆ. ತೆರಿಗೆಯನ್ನೂ ವಿಮೆಯನ್ನೂ ಯಾರೂ ಸೆಕೆಂಡ್ ಹ್ಯಾಂಡಿನಲ್ಲಿ ವಾಪಸ್ ಕೊಡುವುದಿಲ್ಲ. ನೀವು ಅವುಗಳನ್ನೂ ಸಾಲದಲ್ಲೇ ತುಂಬಿದಿರಿ. ಅಂದರೆ ಶೋರೂಮಿನ ಗೇಟು ದಾಟುವಾಗಲೇ ಸಾಲ ಮುಂದಿತ್ತು, ಕಾರು ಹಿಂದಿತ್ತು.

ಆಮೇಲೆ ಬಿದ್ದ ಏಟಿಗೆ ಮಾತ್ರ ನೀವು ಕಾರಣರಲ್ಲ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಇಳಿಯಿತು. ನಿಮ್ಮದು 4 ಮೀಟರ್ ಒಳಗಿನ, 1200 ಸಿಸಿ ದಾಟದ ಪೆಟ್ರೋಲ್ ಗಾಡಿಯಾಗಿದ್ದರೆ ಸೆಸ್ ಸೇರಿ 29% ಇದ್ದದ್ದು 18% ಆಯಿತು. 10.20 ಇದ್ದ ಹೊಸ ಕಾರು 9.30ರ ಹತ್ತಿರ ಬಂತು. 10 ಲಕ್ಷದ ಕೆಳಗೆ ಇಳಿದಿದ್ದಕ್ಕೆ ರಾಜ್ಯದ ತೆರಿಗೆಯೂ 17ರ ಬದಲು 14%. ಅದೇ ಕಾರು ಹೊಸದಾಗಿ ಲಕ್ಷಕ್ಕೂ ಜಾಸ್ತಿ ಅಗ್ಗಕ್ಕೆ ಸಿಗುವಾಗ ನಿಮ್ಮ ಹಳೆಯದಕ್ಕೆ ಯಾರು ಹಳೇ ಲೆಕ್ಕದ ಬೆಲೆ ಕೊಡುತ್ತಾರೆ ಹೇಳಿ? ಆ ದಸರಾದಲ್ಲಿ ಕಾರು ತೆಗೆದುಕೊಂಡ ಬಹಳ ಮಂದಿಯ ಕಥೆ ಇದೇ. ನೀವೊಬ್ಬರೇ ದಡ್ಡರು ಅಂದುಕೊಳ್ಳಬೇಡಿ.

ಅಲ್ಲಿಗೆ ಸಾಲಕ್ಕೂ ಕಾರಿನ ಬೆಲೆಗೂ ನಡುವೆ 2.83 ಲಕ್ಷದ ಹಳ್ಳ ಇರುವುದು ನಿಜ. ಮಾರಿದರೆ ನಷ್ಟ ಅಂತ ನಿಮಗೆ ಅನ್ನಿಸುತ್ತಿರಬಹುದು. ನೋಡಿ ತಮ್ಮಾ, ಆ ನಷ್ಟ ಆಗಲೇ ಆಗಿಹೋಗಿದೆ. ಮಾರಿದ ದಿನ ಅದು ಕಣ್ಣಿಗೆ ಕಾಣುತ್ತದೆ, ಅಷ್ಟೇ. ಕಾಯುತ್ತೇನೆ ಅಂದರೂ ಹಳ್ಳ ಬೇಗ ತುಂಬುವುದಿಲ್ಲ. ನಾಲ್ಕನೇ ವರ್ಷ ಮುಗಿಯುವಾಗಲೂ ಸಾಲ 6.17 ಲಕ್ಷ ಇರುತ್ತದೆ, ಅಷ್ಟು ಹೊತ್ತಿಗೆ ಕಾರು ಇನ್ನಷ್ಟು ಹಳತಾಗಿರುತ್ತದೆ. ಕೊನೆಯವರೆಗೆ ಕಟ್ಟುವುದಾದರೆ ಇನ್ನೂ 66 ಕಂತು, ಅಂದರೆ 13.15 ಲಕ್ಷ. ದಿನಾ ಓಡಿಸುವ ಗಾಡಿಯಾಗಿದ್ದರೆ, ಸಂಬಳ 70 ಸಾವಿರವಾಗಿದ್ದರೆ, ಕಾರು ಇಟ್ಟುಕೊಂಡು ವರ್ಷಕ್ಕೊಮ್ಮೆ ಬೋನಸ್ ಬಂದಾಗ ಸ್ವಲ್ಪ ಸ್ವಲ್ಪ ಅಸಲು ಕಟ್ಟಿ ಅನ್ನುತ್ತಿದ್ದೆ. 41 ಸಾವಿರದಲ್ಲಿ 20 ಸಾವಿರವನ್ನು ಟಾರ್ಪಾಲ್ ಕೆಳಗಿನ ಗಾಡಿಗೆ ಸುರಿಯಿರಿ ಅಂತ ನನ್ನ ಬಾಯಲ್ಲಿ ಬರುವುದಿಲ್ಲ. ಮಾರಿ.

ಬ್ಯಾಂಕಿಗೆ ಹೋಗಿ ಫೋರ್‌ಕ್ಲೋಷರ್ ಸ್ಟೇಟ್‌ಮೆಂಟ್ ಕೇಳಿ. ಅವಧಿಗೆ ಮೊದಲು ಸಾಲ ಮುಗಿಸಿದರೆ ಎಷ್ಟು ಶುಲ್ಕ ಅಂತ ಅದರಲ್ಲಿ ಇರುತ್ತದೆ. 4% ಅಂತ ಇಟ್ಟುಕೊಂಡರೆ ಜಿಎಸ್‌ಟಿ ಸೇರಿ 47 ಸಾವಿರ ಚಿಲ್ಲರೆ. ಆಗ ನೀವು ಹೊಂದಿಸಬೇಕಾದ್ದು 3.30 ಲಕ್ಷ. ಶುಲ್ಕ ಕಡಿಮೆ ಮಾಡಿ ಅಂತ ಮ್ಯಾನೇಜರ್ ಹತ್ತಿರ ಬಾಯಿಬಿಟ್ಟು ಕೇಳಿ. ಕೇಳುವವರೇ ಕಡಿಮೆ, ಅದಕ್ಕೇ ಸಿಗುವುದೂ ಕಡಿಮೆ. ಎಫ್‌ಡಿ ಮುರಿದರೆ ಉಳಿಯುವುದು 2.20 ಲಕ್ಷ. ಕಾರ್ಖಾನೆಯಲ್ಲಿ ನೌಕರರ ಸೊಸೈಟಿ ಇದ್ದರೆ ಮೊದಲು ಅಲ್ಲಿ ವಿಚಾರಿಸಿ, ಪರ್ಸನಲ್ ಲೋನ್ ಆಮೇಲೆ. 12% ಬಡ್ಡಿಗೆ 3 ವರ್ಷಕ್ಕೆ ಸಿಕ್ಕರೆ ಕಂತು 7,300 ರೂಪಾಯಿ. 19,921 ಎಲ್ಲಿ, 7,300 ಎಲ್ಲಿ! ಕೈಯಲ್ಲಿ ಕಾರಿಲ್ಲದೆ ಸಾಲ ಕಟ್ಟುವುದು ಬೇಜಾರಿನ ಕೆಲಸವೇ. ಆದರೆ ತಿಂಗಳಿಗೆ 12 ಸಾವಿರ ಉಸಿರಾಡಲು ಸಿಗುತ್ತದೆ. 'ಹಳೇದು ಕೊಟ್ಟು ಚಿಕ್ಕ ಕಾರು ತಗೊಳ್ಳಿ ಸಾರ್, ಬಾಕಿಗೆ ನಾವೇ ಲೋನ್ ಮಾಡಿಸ್ತೀವಿ' ಅನ್ನುವ ಶೋರೂಮಿನವರು ಸಿಗುತ್ತಾರೆ. ನಮಸ್ಕಾರ ಹೇಳಿ ಬನ್ನಿ.

ಒಂದೇ ಅಂಗಡಿಯ ಬೆಲೆಗೆ ಒಪ್ಪಬೇಡಿ, ನಾಲ್ಕು ಕಡೆ ತೋರಿಸಿ. ಗುರುತಿನವರೇ ಕೊಳ್ಳುವುದಾದರೆ ಇನ್ನೂ ಒಳ್ಳೆಯದು, ಅಂಗಡಿಯ ಲಾಭ ನಿಮ್ಮಿಬ್ಬರಿಗೆ ಉಳಿಯುತ್ತದೆ. ಆದರೆ ವ್ಯವಹಾರ ಬ್ಯಾಂಕಿನ ಶಾಖೆಯಲ್ಲೇ ಆಗಲಿ. ಕೊಳ್ಳುವವರ ಹಣವೂ ನಿಮ್ಮ ಹಣವೂ ನೇರ ಸಾಲದ ಖಾತೆಗೆ ಹೋಗಬೇಕು. ಬ್ಯಾಂಕಿನ ಎನ್‌ಒಸಿ (ಬಾಕಿ ಇಲ್ಲ ಅನ್ನುವ ಪತ್ರ) ಮತ್ತು ಅಡವು ತೆಗೆಸುವ ಫಾರಂ 35 ಕೈಗೆ ಬಂದ ಕೂಡಲೇ ಆರ್‌ಟಿಒದಲ್ಲಿ ಹೈಪಾಥಿಕೇಶನ್ ತೆಗೆಸಿ, ಫಾರಂ 29, 30 ಕೊಟ್ಟು ಹೆಸರು ಬದಲಾಯಿಸಿ. ಹೊಸ ಆರ್‌ಸಿಯಲ್ಲಿ ಕೊಂಡವರ ಹೆಸರು ನೋಡುವ ತನಕ ಗಾಡಿ ಮಾರಿದೆ ಅಂದುಕೊಳ್ಳಬೇಡಿ.

ಅಲ್ಲಿಯವರೆಗೆ ವಿಮೆ ತಪ್ಪಿಸಬೇಡಿ. ಗಾಡಿ ಪೂರ್ತಿ ಜಖಂ ಆದರೆ ವಿಮೆಯವರು ಕೊಡುವುದು ಐಡಿವಿ, ಅಂದರೆ ವಿಮೆಯಲ್ಲಿ ಬರೆದ ಗಾಡಿಯ ಬೆಲೆ, ಮಾತ್ರ. ಎರಡನೇ ವರ್ಷದಲ್ಲಿ ಬೆಲೆಯ 20%, ಮೂರನೇ ವರ್ಷದಲ್ಲಿ 30% ಕಳೆದು ಅದನ್ನು ಲೆಕ್ಕ ಹಾಕುತ್ತಾರೆ. ಅದೂ ಮೊದಲು ಬ್ಯಾಂಕಿಗೇ ಹೋಗುತ್ತದೆ.

ಇನ್ನು ನಿಮ್ಮ ಮನೆಯವರ ವಿಷಯ. ಪತ್ರದಲ್ಲಿ ಕಾರಿನ ಬಗ್ಗೆ ಅಷ್ಟು ಬರೆದು ಇದನ್ನು ಕೊನೆಯಲ್ಲಿ ಎರಡೇ ಸಾಲಿನಲ್ಲಿ ಮುಗಿಸಿದ್ದೀರಿ. ನಿಮ್ಮನ್ನು ರಾತ್ರಿ ಎಬ್ಬಿಸುತ್ತಿರುವುದು ಇದೇ ಅಂತ ನನಗನ್ನಿಸುತ್ತದೆ. ಅವರಿಗೆ ಹೇಳದೆ ಎಫ್‌ಡಿ ಮುರಿಯಬೇಡಿ. ಅವರ ಬಳೆ, ಸರದ ಕಡೆ ಕಣ್ಣು ಹಾಕಲೇಬೇಡಿ. ಅವರಾಗಿಯೇ ಕೊಡುತ್ತೇನೆ ಅಂದರೆ ಆಗ ನೋಡೋಣ. ಭಾನುವಾರ ಮಗು ಮಲಗಿದ ಮೇಲೆ ಆ ಸ್ಟೇಟ್‌ಮೆಂಟ್ ಅವರ ಮುಂದಿಡಿ. '8 ಲಕ್ಷ ಅಂದಿದ್ದು ಸುಳ್ಳು, 12 ಲಕ್ಷ ಇತ್ತು' ಅಂತ ಮೊದಲು ಹೇಳಿ, ಆಮೇಲೆ ಕಾರಿನ ಮಾತು. ಜಿಎಸ್‌ಟಿ ಕಥೆಯಿಂದ ಶುರು ಮಾಡಬೇಡಿ, ನೆಪ ಹೇಳಿದಂತೆ ಕೇಳಿಸುತ್ತದೆ. ಅವರು ಸಿಟ್ಟಾಗುತ್ತಾರೆ. ಎರಡು ದಿನ ಮಾತು ಬಿಟ್ಟರೂ ಬಿಟ್ಟಾರು. ಆ ಎರಡು ದಿನ ನೀವೂ ಬಾಯಿ ಮುಚ್ಚಿಕೊಂಡಿರಿ. ಸಂಬಳ ಎಲ್ಲಿ ಹೋಗುತ್ತಿದೆ ಅಂತ ಅವರಿಗೆ ಅನುಮಾನ ಬಂದು ತಿಂಗಳುಗಳೇ ಆಗಿರುತ್ತವೆ. 41 ಸಾವಿರದಲ್ಲಿ ಸಂಸಾರ ನಡೆಸುತ್ತಿರುವವರು ಅವರೇ ಅಲ್ವಾ?

ತವರಿನವರಿಗೆ ಏನು ಹೇಳುವುದು ಅನ್ನುವುದನ್ನು ನಿಮ್ಮ ಹೆಂಡತಿಗೇ ಬಿಡಿ.

ಗಾಡಿ ಕೊಡುವ ದಿನ ಎರಡು ಸಣ್ಣ ಕೆಲಸ ಇವೆ. ಕ್ಲೇಮ್ ಮಾಡಿಲ್ಲವಾದರೆ ವಿಮೆಯವರಿಂದ ನೋ ಕ್ಲೇಮ್ ಬೋನಸ್ (ವಿಮೆಯಲ್ಲಿ ಸಿಗುವ ರಿಯಾಯಿತಿ) ಪತ್ರ ತೆಗೆದುಕೊಳ್ಳಿ. ಅದು ಗಾಡಿಯ ಜೊತೆ ಹೋಗುವುದಿಲ್ಲ, ನಿಮ್ಮದೇ. ಫಾಸ್ಟ್ಯಾಗ್ ಕೂಡ ಮುಚ್ಚಿಸಿ. ಇದನ್ನು ಎಲ್ಲರೂ ಮರೆಯುತ್ತಾರೆ, ಆಮೇಲೆ ಯಾರೋ ಕ್ಯಾತ್ಸಂದ್ರದ ಟೋಲ್ ದಾಟಿದಾಗ ಇವರ ಫೋನು ಟಿಂಗ್ ಅನ್ನುತ್ತದೆ.