ಪೇಟೆಂಟ್ ವಕೀಲಿಕೆಗೆ ಮೊದಲು ವಿಜ್ಞಾನವೋ, ಕಾನೂನೋ?

ಪಿಯುಸಿ ವಿಜ್ಞಾನ ಮುಗಿಸಿದ ಮಗಳನ್ನು ಐದು ವರ್ಷದ ಬಿ.ಎ. ಎಲ್‌ಎಲ್‌.ಬಿ.ಗೆ ಸೇರಿಸಿದರೆ ಪೇಟೆಂಟ್ ಕ್ಷೇತ್ರಕ್ಕೆ ಹೋಗಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಅವಸರ ಮಾಡಬೇಡಿ. ಪೇಟೆಂಟ್ ಏಜೆಂಟ್ ಎಂದರೆ ಹೊಸ ಆವಿಷ್ಕಾರದ ಹಕ್ಕಿಗಾಗಿ ಪೇಟೆಂಟ್ ಕಚೇರಿಯಲ್ಲಿ ಅರ್ಜಿದಾರರ ಪರವಾಗಿ ಕೆಲಸ ಮಾಡುವವರು. ಆ ಏಜೆಂಟ್ ಪರೀಕ್ಷೆಗೆ ಕೂರಲು ವಿಜ್ಞಾನ, ಎಂಜಿನಿಯರಿಂಗ್ ಅಥವಾ ತಂತ್ರಜ್ಞಾನದ ಪದವಿ ಬೇಕೇ ಬೇಕು. 1970ರ ಪೇಟೆಂಟ್ ಕಾಯ್ದೆಯ 126ನೇ ಕಲಂ ಹೇಳುವುದು ಇದನ್ನೇ. ಬಿ.ಎ. ಎಲ್‌ಎಲ್‌.ಬಿ. ಓದಿದವರು ನ್ಯಾಯಾಲಯದಲ್ಲಿ ವಾದಿಸಬಹುದು, ಏಜೆಂಟರಾಗಿ ನೋಂದಾಯಿಸಿಕೊಳ್ಳಲಾಗದು.

ಹಾಗಾಗಿ ನನ್ನ ಸಲಹೆ: ಮೊದಲು ಬಿ.ಎಸ್ಸಿ. ಅಥವಾ ಬಿ.ಇ., ಆಮೇಲೆ ಮೂರು ವರ್ಷದ ಎಲ್‌ಎಲ್‌.ಬಿ. ಏಜೆಂಟ್ ಪರೀಕ್ಷೆಗೆ ಕಾನೂನು ಪದವಿಯ ಅಗತ್ಯವಿಲ್ಲ. ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿಯ ಜೊತೆಗೆ ಭಾರತದ ಪ್ರಜೆಯಾಗಿರಬೇಕು, 21 ವರ್ಷ ತುಂಬಿರಬೇಕು, ಅಷ್ಟೇ.

ಯಾವ ವಿಜ್ಞಾನ? ಅವಳಿಗೆ ರಸಾಯನಶಾಸ್ತ್ರ ಇಷ್ಟವಿದ್ದರೆ ಹಿಂಜರಿಯದೆ ಅದನ್ನೇ ಕೊಡಿಸಿ. 2013ರಲ್ಲಿ ಸುಪ್ರೀಂ ಕೋರ್ಟ್ ನೊವಾರ್ಟಿಸ್ ಕಂಪನಿಯ ಕ್ಯಾನ್ಸರ್ ಔಷಧಿಗೆ ಪೇಟೆಂಟ್ ನಿರಾಕರಿಸಿದ್ದು ನೆನಪಿರಬಹುದು. ಗೊತ್ತಿರುವ ವಸ್ತುವಿನ ಹೊಸ ಹರಳು ರೂಪದಿಂದ ಔಷಧಿಯ ಗುಣ ನಿಜವಾಗಿ ಹೆಚ್ಚುತ್ತದೆಯೇ ಎಂಬುದೇ ಅಲ್ಲಿನ ಜಗಳ. ಅಣುಗಳ ಭಾಷೆ ತಿಳಿಯದವರಿಗೆ ಆ ತೀರ್ಪನ್ನು ಓದುವುದೇ ಕಷ್ಟ. ಎಲೆಕ್ಟ್ರಾನಿಕ್ಸ್ ಇಷ್ಟವಾದರೆ ಅದೂ ಒಳ್ಳೆಯದೇ. ಮೊದಲು ಅವಳನ್ನೇ ಕೇಳಿ ನೋಡಿ.